ಒಳಗ ಬಿಟ್ಟ ಬಟ್ಟಿ

ಮೇ ತಿಂಗಳ ಬಂತಂದ್ರ ನಮ್ಮ ಮಷೀನಿಗೆ ನಿದ್ದಿ ಇಲ್ಲ.
ಸಾಲಿ ಹುಡುಗರ ಖಾಕಿ ಚಡ್ಡಿ, ನೀಲಿ ಲಂಗ,
ಸೊಲ್ಲಾಪುರದಿಂದ ಎಲ್ಲೆಲ್ಲಿಗೋ ಹೋಗ್ತಾವ.
ಅಳತಿ ಕೊಡಾಕ ಬಂದ ತಾಯಂದ್ರದು ಒಂದ ಮಾತು,
ಮರಾಠಿಯಾಗ, ತೆಲುಗಿನ್ಯಾಗ, ನಮ್ಮ ಕನ್ನಡದಾಗ:
ಬೆಳಿಯೋ ಹುಡುಗ, ಒಳಗ ಬಟ್ಟಿ ಬಿಡ್ರಿ.

ದೀಪಾವಳಿ ಮುಗಿದ ಮ್ಯಾಲೆ ಬಂತು ಬ್ಯಾರೆ ಆರ್ಡರು.
ಯೆಮೂಲ ಮಾಲಕರು ಕಾಗದ ಬೆಳಕಿಗೆ ಹಿಡಿದು ಓದಿದ್ರು:
ಪ್ಯಾಲೆಸ್ತೀನ್.
ಕರೆಂಟಿನ ಕೆಲಸ ಕಲಿಯೋ ಹುಡುಗರಿಗೆ
ನೀಲಿ ಡಾಂಗ್ರಿ, ಎರಡು ನೂರ ನಲವತ್ತು.
ನಗರಸಭಾದ ನೀರಿನ ಮೀಟರ್ ಓದೋರಿಗೆ
ಬೂದಿ ಬಣ್ಣದ ಅಂಗಿ, ನಲವತ್ತು.
ರೊಕ್ಕ ಕೊಡಾವ್ರು ಮತ್ತ್ಯಾವುದೋ ದೇಶ.
ಅವರ ಧ್ವಜ ಎಡಗಡೆ ಎದಿಮ್ಯಾಲೆ, ಮೂರಿಂಚು,
ಒಂದು ನೂಲು ಸೊಟ್ಟಾದ್ರ ಮಾಲು ವಾಪಸ್.

ಮೀಟರು! ಅಂತ ನಕ್ಕಳು ನರಸವ್ವ ಬುರ್ಲಾ.
ಅಕಿ ಓಣ್ಯಾಗ ನಳ ಬರೋದು ಐದು ದಿನಕ್ಕೊಮ್ಮೆ,
ಮೊದಲ ತಾಸು ಬರೇ ಗಾಳಿ,
ಗಾಳಿಗೇ ಮುಳ್ಳು ತಿರುಗ್ತದ, ಗಾಳಿಗೇ ಬಿಲ್ಲು ಬರ್ತದ.
ಅಲ್ಲಿ ನೀರು ಬರ್ತದನೋ, ಅಂಗಿ ಅಷ್ಟ ಬರ್ತದನೋ.

ಜೇಬಿನ ಮ್ಯಾಲೆ ಕಸೂತಿ ಅಕ್ಷರ, ಬಲದಿಂದ ಎಡಕ್ಕ.
ಹಲೀಮಾ ಬೆರಳಿಟ್ಟು ಸರಾಗ ಓದಿದಳು: ಕಹ್ರಬಾಈ.
ಅರ್ಥ?
ನಾಲ್ಕು ಸಲ ಕುರಾನ್ ಮುಗಿಸೀನಿ, ಅಂದಳು,
ಓದಾಕ ಬರ್ತದ, ತಿಳಿಯಾಕ ಬರೂದಿಲ್ಲ.
ನಂದು ಉಲ್ಟಾ. ನಾಗಣಸೂರಿನ ಕನ್ನಡ ಸಾಲ್ಯಾಗ ಕಲಿತಾಕಿ,
ಇಲ್ಲಿಯ ಮಾತು ಕೇಳಿದ್ರ ತಿಳೀತದ,
ಪಗಾರದ ಚೀಟಿ ಓದೂವಾಗ ನಾಲಿಗಿ ಎಡವ್ತದ.
ಇಬ್ಬರೂ ಆ ಜೇಬು ಹಿಡಕೊಂಡು ನಿಂತಿದ್ವಿ.
ಕಡೀಕ ಮಾಲಕರು ಫೋನಿನ್ಯಾಗ ನೋಡಿ ಹೇಳಿದ್ರು:
ಕರೆಂಟಿನವ.

ಕತ್ತರಿ ಮಾಸ್ತರ ಕಲ್ಲಪ್ಪ ತಾನು ಹಾಸಿ
ಖಡುವಿಂದ ಗೆರಿ ಎಳದಿದ್ದ, ಆಗ ಬಂತು ಎರಡನೇ ಕಾಗದ.
ಅಳತಿ ಬದಲಿ. ನಡ ಎಲ್ಲಾ ಎರಡಿಂಚು ಕಡಿಮಿ.
ಮೂವತ್ತೆರಡು ಇದ್ದದ್ದು ಮೂವತ್ತು,
ಮೂವತ್ತು ಇದ್ದದ್ದು ಇಪ್ಪತ್ತೆಂಟು.
ಉದ್ದ ಮೊದಲಿನಷ್ಟ.
ಲೆಕ್ಕಾನೂ ಬದಲಿ: ಎರಡು ನೂರ ಹದಿನೇಳು.
ಕಾರಣ ಅನ್ನೋ ಕಾಲಂದಾಗ ಒಂದು ಗೀಟು.

ಯಾರೂ ಏನೂ ಅನ್ನಲಿಲ್ಲ.
ನರಸವ್ವ ಬಿಚ್ಚಿದ ಡಬ್ಬಿ ಮತ್ತ ಮುಚ್ಚಿದಳು,
ಶೇಂಗಾ ಹಿಂಡಿ ವಾಸನಿ ಮಾತ್ರ ಹೊರಗ ಉಳೀತು.
ಕಲ್ಲಪ್ಪನ ಕೊರಳಾಗ ಟೇಪು ಬಿದ್ದು ಇಪ್ಪತ್ತಾರು ವರ್ಷ,
ಹುಡುಗರು ಬೆಳಿಯೋದು ಇಂಚಿಂಚು ಅಳದಾನ,
ಇಡೀ ಒಂದು ಕ್ಲಾಸು ಒಮ್ಮೆಲೆ ಸೊರಗಿದ್ದು ಕಂಡಾಂವಲ್ಲ.
ಆಂವ ಹೊಸ ಗೆರಿ ಎಳದ, ನೆಟ್ಟಗ, ನಾವೆಲ್ಲಾ ನೋಡೂವಂಗ.
ಕತ್ತರಿ ಹಳೀ ಗೆರಿಮ್ಯಾಲೆ ಓಡಿತು.

ನಾನು ನೋಡಿದ್ನಿ. ಆಂವ ನನ್ನ ಕಡಿ ನೋಡಲಿಲ್ಲ.

ನಡಪಟ್ಟಿ ಹಚ್ಚೋ ಕೆಲಸ ನಂದು.
ಹೊರಗಿಂದ ಕಾಗದದಾಗ ಇದ್ದಷ್ಟ ಅಳತಿ,
ತಪಾಸಣೀಗೆ ಬಂದ ಸಾಹೇಬಗ ತಪ್ಪು ಸಿಗೂದಿಲ್ಲ.
ಹಿಂದಿನ ಹೊಲಿಗಿ ಒಳಗ
ಆ ಕಡಿ ಒಂದಿಂಚು, ಈ ಕಡಿ ಒಂದಿಂಚು
ಮಡಚಿ ಬಿಟ್ಟೀನಿ, ಉದ್ದುದ್ದ ಟಾಕಿ ಹಾಕಿ,
ಹಲ್ಲಿಂದ ಜಗ್ಗಿದ್ರೂ ಬಿಚ್ಚೂವಂಗ.
ಅಲ್ಲೀನೂ ಒಬ್ಬ ಸಿಂಪಿಗ ಇದ್ದಾನು.
ಇಲ್ಲಾಂದ್ರ ಯಾರದರ ತಾಯಿ, ಒಂದು ಸೂಜಿ.

ಕಂಟೇನರು ಯಾವ ಬಂದರದಾಗ ಎಷ್ಟು ದಿನ ನಿಂತದೋ,
ಯಾರ್ಯಾರು ಬಿಚ್ಚಿ ಎಣಸ್ತಾರೋ,
ಮುಟ್ಟತದೋ ಇಲ್ಲೋ, ನನಗ ಗೊತ್ತಿಲ್ಲ.

ತಿಂಗಳ ಲೆಕ್ಕಕ್ಕ ಕುಂತಾಗ ಮಾಲಕರು ಕೇಳಿದ್ರು,
ಹನ್ನೊಂದು ಮೀಟರ್ ಬಟ್ಟಿ ಎಲ್ಲಿ ಹೋತು?
ಚಿಂದಿಯಾಗ ಬರೀರಿ, ಅಂದ ಕಲ್ಲಪ್ಪ.
ಅವರು ಆಂವನ್ನ ನೋಡಿದ್ರು, ನನ್ನ ನೋಡಿದ್ರು, ಬರದ್ರು.
ನರಸವ್ವ ಆಗಲೇ ಚಪ್ಪಲಿ ಹಾಕ್ಕೊಂಡು ಹೊಂಟಿದ್ದಳು.
ಅವತ್ತ ಐದನೇ ದಿನ,
ನಳ ಬರೂದಿತ್ತು.